ಇಂಜಿನ್ ಆಮೇಲೆ, ಮೊದಲು ಹಲಗೆ ಬಡಿದು ನೋಡಿ

ಜೂನ್ ಹತ್ತಿರ ಬಂತೆಂದರೆ ನನಗೆ ಬರುವ ಪತ್ರಗಳ ವಾಸನೆಯೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ದೋಣಿಗಳೆಲ್ಲ ದಡ ಹತ್ತುತ್ತವೆ, ಹೊಳೆಯ ಟೂರಿಸ್ಟ್ ದೋಣಿಗಳೂ ತಾರ್ಪಾಲು ಹೊದ್ದು ಮಲಗುತ್ತವೆ. ಆಗಲೇ ಎಲ್ಲರಿಗೂ ದೋಣಿಯ ಹೊಟ್ಟೆ ಕಾಣಿಸುವುದು, ಆಗಲೇ ರಿಪೇರಿಯ ನೆನಪು. ಈ ಸಲ ಬಂದವುಗಳಲ್ಲಿ ಐದನ್ನು ಆರಿಸಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದ, ಯಾಕೆಂದರೆ ಅದೇ ತಪ್ಪನ್ನು ಬೇರೆ ಮೂರು ಜನ ಆಗಲೇ ಮಾಡಿ ಮುಗಿಸಿ ನನಗೆ ಬರೆದಿದ್ದಾರೆ.

ಪ್ರಶ್ನೆ: ಸರ್, ನಮ್ಮದು ಹೊನ್ನಾವರದ ಹತ್ತಿರ ಹೋಂಸ್ಟೇ. ಶರಾವತಿ ಹೊಳೆಯಲ್ಲಿ ಅತಿಥಿಗಳನ್ನು ಸುತ್ತಿಸಲು 18 ಅಡಿಯ ಹಳೇ ಫೈಬರ್ ದೋಣಿ ತಗೊಂಡೆ. ಕಟ್ಟಿ ಹದಿನೆಂಟು ಇಪ್ಪತ್ತು ವರ್ಷ ಆಗಿರಬೇಕು. 25 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗಡೆ ಕೂರಿಸುವ ಇಂಜಿನ್) ಇದೆ. ಅದನ್ನು ತೆಗೆದು 40 ಎಚ್‌ಪಿಯ ಫೋರ್ ಸ್ಟ್ರೋಕ್ ಹಾಕುವ ಯೋಚನೆ. ಇಂಜಿನ್ ಕೂರಿಸುವ ಹಿಂದಿನ ಹಲಗೆ ಸ್ವಲ್ಪ ಅಲ್ಲಾಡುತ್ತದೆ, ಬೋಲ್ಟ್ ಬಿಗಿ ಮಾಡಿದರೆ ಸಾಕು ಅಂತ ಮಾರಿದವರು ಹೇಳಿದ್ದಾರೆ. ಯಾವ ಇಂಜಿನ್ ತಗೊಳ್ಳಲಿ?

ಯಾವುದನ್ನೂ ತಗೋಬೇಡಿ, ಸದ್ಯಕ್ಕೆ. ನೀವು ಇಂಜಿನ್ ಬಗ್ಗೆ ನಾಲ್ಕು ಸಾಲು ಬರೆದು ಹಲಗೆ ಬಗ್ಗೆ ಒಂದು ಸಾಲು ಬರೆದಿದ್ದೀರಿ, ನನಗೆ ನಿದ್ದೆ ಕೆಡಿಸಿದ್ದು ಆ ಒಂದು ಸಾಲು.

ಹಿಂದಿನ ಹಲಗೆ, ಅಂದರೆ ಟ್ರಾನ್ಸಮ್, ಹೊರಗಿನಿಂದ ನೋಡಿದರೆ ಫೈಬರ್. ಒಳಗೆ ಇರುವುದು ಪ್ಲೈವುಡ್. ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇಟ್ಟು ಮುಚ್ಚಿರುತ್ತಾರೆ, ಇಂಜಿನ್‌ನ ಭಾರವನ್ನೂ ತಳ್ಳುವ ಶಕ್ತಿಯನ್ನೂ ಆ ಮರವೇ ತಡೆಯುವುದು. ಇಂಜಿನ್ ಬೋಲ್ಟಿಗೆ ತೂತು ಕೊರೆದವರು ಆ ತೂತಿನ ಒಳಗೋಡೆಗೆ ರೆಸಿನ್ (ಒಣಗಿದರೆ ಗಟ್ಟಿಯಾಗುವ, ಫೈಬರ್ ಕೆಲಸದ ಅಂಟು) ಹಚ್ಚದೇ ಬೋಲ್ಟ್ ತೂರಿಸಿದರೆ, ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ಹತ್ತು ವರ್ಷದಲ್ಲಿ ಪ್ಲೈವುಡ್ ನೆನೆದ ರಸ್ಕ್ ಆಗುತ್ತದೆ. ಹೊರಗೆ ಬಣ್ಣ ಮಾತ್ರ ಪಳಪಳ. ಅಂಥದ್ದಕ್ಕೆ ಬೋಲ್ಟ್ ಬಿಗಿ ಮಾಡಿದರೆ ವಾಷರ್ ಇನ್ನಷ್ಟು ಒಳಗೆ ಇಳಿಯುತ್ತದೆ, ಅಷ್ಟೇ. ಮಾರಿದವರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ, ಇರಲಿ.

ನೀವೇ ಪರೀಕ್ಷೆ ಮಾಡಬಹುದು. ದೋಣಿ ದಡದಲ್ಲಿರುವಾಗ ಇಂಜಿನ್ ಅರ್ಧ ಮೇಲೆತ್ತಿ ಲಾಕ್ ಹಾಕಿ, ಕೆಳಗಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇನ್ನೊಬ್ಬರು ಹಲಗೆಯ ಮೇಲೆ ಕಣ್ಣಿಟ್ಟಿರಲಿ. ಹಲಗೆ ಬಾಗುವುದು ಕಂಡರೆ ಅಲ್ಲಿಗೆ ತೀರ್ಮಾನ ಆಯಿತು. ಆಮೇಲೆ ಒಂದು ಸ್ಟೀಲ್ ಚಮಚದ ಹಿಡಿಯಿಂದ ಹಲಗೆಯ ಉದ್ದಕ್ಕೂ ಬಡಿಯುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಟಕ್ ಅನ್ನುತ್ತದೆ, ಕೊಳೆತಲ್ಲಿ ಹಲಸಿನ ಹಣ್ಣು ಬಡಿದ ಹಾಗೆ ಮಂದ ಸದ್ದು. ಹಲಸು ಕೊಳ್ಳಲು ಬರುವವರಿಗೆ ಈ ಕಿವಿ ತಾನಾಗಿಯೇ ಇರುತ್ತದೆ. ಇನ್ನೂ ಅನುಮಾನ ಇದ್ದರೆ ಒಳಗಡೆಯಿಂದ, ಆದಷ್ಟು ಕೆಳಗೆ, 6 ಮಿ.ಮೀ. ತೂತು ಕೊರೆದು ಹೊರಬರುವ ಹುಡಿ ನೋಡಿ. ಒಣಗಿದ ತಿಳಿ ಬಣ್ಣದ ಹುಡಿ ಬಂದರೆ ತೂತಿಗೆ ರೆಸಿನ್ ತುಂಬಿ ನೆಮ್ಮದಿಯಾಗಿರಿ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆಯ ಹುಡಿ ಬಂದರೆ ಹಲಗೆ ಬದಲಾಯಿಸಲೇಬೇಕು.

ಬದಲಾಯಿಸುವ ಕೆಲಸ ಹೆದರುವಂಥದ್ದಲ್ಲ, ಗಲೀಜಿನದು. ಹೊರಗಿನ ಫೈಬರ್ ಪದರವನ್ನು ಹಾಗೇ ಬಿಡಿ, ಒಳಗಿನ ಪದರವನ್ನು ಗ್ರೈಂಡರಿನಲ್ಲಿ ಕತ್ತರಿಸಿ ತೆಗೆಯಿರಿ, ಕೊಳೆತ ಮರವನ್ನು ಉಳಿಯಿಂದ ಕೆತ್ತಿ ಹೊರಹಾಕಿ. ಆಮೇಲೆ ಆ ಜಾಗ ಪೂರ್ತಿ ಒಣಗಬೇಕು. ಇಲ್ಲೇ ಮಳೆಗಾಲದ ತೊಂದರೆ. ಬಿಚ್ಚುವ, ಕೆತ್ತುವ ಕೆಲಸಕ್ಕೆ ಜೂನ್ ಜುಲೈ ಅಡ್ಡಿಯಿಲ್ಲ, ಆದರೆ ಅಂಟಿಸುವ ಕೆಲಸಕ್ಕೆ ಮಾಡಿನ ಕೆಳಗೆ, ಎರಡು ದಿನ ಫ್ಯಾನ್ ಮತ್ತು ದೊಡ್ಡ ಬಲ್ಬ್ ಇಟ್ಟು ಒಣಗಿಸಿ, ಮಳೆ ಬಿಟ್ಟ ದಿನ ಕೈ ಹಾಕಿ. ತೇವದ ಮೇಲೆ ಹಾಕಿದ ರೆಸಿನ್ ಹಿಡಿಯುವುದಿಲ್ಲ, ಆರು ತಿಂಗಳಿಗೆ ಹಪ್ಪಳದಂತೆ ಎದ್ದು ಬರುತ್ತದೆ.

ಪ್ಲೈವುಡ್ ತರುವಾಗ ಅದರ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯಾ ನೋಡಿ. ಅದು ಮರೈನ್ ಪ್ಲೈವುಡ್. ಐಎಸ್ 303 ಅಂತಿದ್ದರೆ ಅದು ಮನೆಯ ಕಪಾಟಿಗೆ, ಅಂಗಡಿಯವರು ಏನೇ ಹೇಳಲಿ. 18 ಮಿ.ಮೀ.ಯ ಎರಡು ಹಾಳೆ ಒಂದರ ಮೇಲೊಂದು ಅಂಟಿಸಿದರೆ ಈ ಗಾತ್ರದ ದೋಣಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ, ಹಳೆಯದು ಎಷ್ಟು ದಪ್ಪ ಇತ್ತು ಅಂತ ಬಿಚ್ಚುವಾಗಲೇ ಅಳೆದಿಟ್ಟುಕೊಳ್ಳಿ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ. ಅಂಚುಗಳಿಗೆ ರೆಸಿನ್ ಕುಡಿಸಿ, ನೀರು ಕುಡಿಯುವುದು ಅಂಚಿನಿಂದಲೇ. ಹಲಗೆಯ ಎತ್ತರವನ್ನು ಮಾತ್ರ ಅಂದಾಜಿಗೆ ಬಿಡಬೇಡಿ. ಔಟ್‌ಬೋರ್ಡಿಗೆ ಶಾರ್ಟ್ ಶಾಫ್ಟ್ ಅಂದರೆ 15 ಇಂಚು, ಲಾಂಗ್ ಅಂದರೆ 20 ಇಂಚು. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಬರಬೇಕು. ಅದಕ್ಕಿಂತ ತುಂಬಾ ಮೇಲೆ ಹೋದರೆ ಪ್ರೊಪೆಲ್ಲರ್ ಗಾಳಿ ಕಡೆಯುತ್ತದೆ, ತುಂಬಾ ಕೆಳಗೆ ಹೋದರೆ ಸುಮ್ನೆ ಪೆಟ್ರೋಲ್ ಕುಡಿಯುತ್ತದೆ.

ಈಗ ರೆಸಿನ್. ಇಲ್ಲಿ ಸ್ವಲ್ಪ ಗಂಭೀರವಾಗಿ ಓದಿ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗಲು ಎರಡು ವಸ್ತು ಬೇಕು: ಕೋಬಾಲ್ಟ್ ಮತ್ತು ಹಾರ್ಡ್‌ನರ್. ಮೊದಲು ರೆಸಿನ್‌ಗೆ ಕೋಬಾಲ್ಟ್ ಹಾಕಿ ಚೆನ್ನಾಗಿ ಕದಡಬೇಕು, ಆಮೇಲೆ ಹಾರ್ಡ್‌ನರ್, ತೂಕದಲ್ಲಿ ನೂರಕ್ಕೆ 1ರಿಂದ 2ರಷ್ಟು. ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಎರಡನ್ನೂ ಒಂದೇ ಚಮಚದಲ್ಲಿ ಅಳೆಯಬೇಡಿ, ಒಂದೇ ಕಪಾಟಿನಲ್ಲಿ ಇಡಬೇಡಿ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಒಮ್ಮೆ ಬಂದಿತ್ತು. ಅರ್ಧ ಬಕೆಟ್ ಕಲಸಿಟ್ಟು ಚಾ ಕುಡಿಯಲು ಹೋದೆ, ಲೋಟ ಖಾಲಿ ಆಗುವ ಮೊದಲೇ ಬಕೆಟ್ ಹೊಗೆಯಾಡಿ ತಳ ಕರಗಿ ಸಿಮೆಂಟ್ ನೆಲಕ್ಕೆ ಅಂಟಿಕೊಂಡಿತ್ತು. ಆ ಗಡ್ಡೆ ಇವತ್ತಿಗೂ ಅಲ್ಲೇ ಇದೆ, ಮನೆಯವರು ಅದನ್ನು ನನ್ನ ಸ್ಮಾರಕ ಅನ್ನುತ್ತಾರೆ. ಒಂದು ಸಲಕ್ಕೆ ಅರ್ಧ ಲೀಟರ್ ಮಾತ್ರ ಕಲಸಿ.

ಹಳೆಯ ಫೈಬರಿಗೆ ಹೊಸ ಫೈಬರ್ ಅಂಟಬೇಕಾದರೆ ಹಳೆಯದನ್ನು ಅಗಲಕ್ಕೆ, ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲ ಅನ್ನುವುದು ಲೆಕ್ಕ, 5 ಮಿ.ಮೀ. ದಪ್ಪ ಇದ್ದರೆ 6 ಸೆಂ.ಮೀ. ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ. ಬರೀ ಕೈಯಲ್ಲಿ ಮಾಡಿದರೆ ಆ ರಾತ್ರಿ ತುರಿಕೆಗೆ ನನ್ನನ್ನು ಬೈಯುತ್ತೀರಿ. ಪಾಲಿಯೆಸ್ಟರ್ ಬದಲು ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಬಳಸಿದರೆ ಇನ್ನೂ ಗಟ್ಟಿ, ದುಬಾರಿ ಅಷ್ಟೇ. ಒಂದು ನೆನಪಿರಲಿ, ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಅಂಟುತ್ತದೆ, ಒಣಗಿದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಅಂಟುವುದಿಲ್ಲ. ಕಾರಿನ ಪುಟ್ಟಿಯನ್ನು ನೀರಿನ ಮಟ್ಟದ ಕೆಳಗೆ ಎಲ್ಲೂ ಹಾಕಬೇಡಿ, ಅದು ನೀರು ಹೀರುತ್ತದೆ.

ಇಷ್ಟೆಲ್ಲ ಆದ ಮೇಲೆ ಇಂಜಿನ್‌ಗೆ ಬರೋಣ. ನಿಮ್ಮ ಈಗಿನ 25 ಎಚ್‌ಪಿ ಟೂ ಸ್ಟ್ರೋಕ್ ತೂಕ 50 ಕೆ.ಜಿ. ಆಸುಪಾಸು. 40 ಎಚ್‌ಪಿ ಫೋರ್ ಸ್ಟ್ರೋಕ್ ನೂರರ ಹತ್ತಿರ. ಅಂದರೆ ದೋಣಿಯ ಹಿಂಬದಿಯಲ್ಲಿ ಸದಾ ಒಬ್ಬ ಮನುಷ್ಯ ಜಾಸ್ತಿ ಕೂತ ಹಾಗೆ. ಅದಕ್ಕೆ ತಕ್ಕಂತೆ ಹಿಂಭಾಗ ಮುಳುಗುತ್ತದೆ, ಮುಂಭಾಗ ಏಳುತ್ತದೆ, ಚಾಲಕನಿಗೆ ಎದುರು ಕಾಣುವುದಿಲ್ಲ. ನೀವು ಹೊಳೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ತೋರಿಸಲು ಹೋಗುವವರು, ಆ ವೇಗ ಯಾಕೆ ಹೇಳಿ? ವೇಗವಾಗಿ ಹೋದರೆ ಅತಿಥಿಗಳಿಗೆ ಏನೂ ಕಾಣುವುದಿಲ್ಲ, ದಡದ ಮಣ್ಣು ಕುಸಿಯುತ್ತದೆ, ಪಾತಿ ದೋಣಿಯಲ್ಲಿ ಚಿಪ್ಪು ಹೆಕ್ಕುವವರು ಬೈಯುತ್ತಾರೆ. ನನ್ನ ಮಾತು ಕೇಳಿದರೆ ಈಗಿನ ಇಂಜಿನ್‌ನ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿಸಿ. ಎರಡು ಸಿಲಿಂಡರ್‌ಗಳ ನಡುವೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಇಂಜಿನ್ ಇನ್ನೂ ಬದುಕಿದೆ. ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ ಬದಲಾಯಿಸಿ, ಗೇರ್ ಆಯಿಲ್ ಸುರಿದು ನೋಡಿ. ಹಾಲು ಹಾಕಿದ ಚಾದಂತೆ ಬಂದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಪ್ಲಗ್, ಪೆಟ್ರೋಲ್ ಪೈಪ್, ಜಿಂಕ್ (ಇಂಜಿನ್ ಬದಲು ತಾನು ಸವೆಯುವ ಲೋಹದ ತುಂಡು) ಹೊಸದು ಹಾಕಿ. ಆಯಿಲ್ ಮಾತ್ರ ಟಿಸಿ-ಡಬ್ಲ್ಯೂ3 ಅಂತ ಬರೆದಿರುವುದೇ ಇರಲಿ. ಬೈಕಿನ ಟೂ-ಟಿ ಆಯಿಲ್ ಗಾಳಿಯಿಂದ ತಣ್ಣಗಾಗುವ ಬಿಸಿ ಇಂಜಿನ್‌ಗೆ ಮಾಡಿದ್ದು, ಅದರ ಬೂದಿ ನೀರಿನಿಂದ ತಣ್ಣಗಾಗುವ ಔಟ್‌ಬೋರ್ಡಿನ ಪ್ಲಗ್ಗಿಗೂ ರಿಂಗಿಗೂ ಕೂರುತ್ತದೆ.

ಇನ್ನೊಂದು. ಹಣ ತಗೊಂಡು ಜನರನ್ನು ಕೂರಿಸಿದಿರಿ ಅಂದರೆ ಅದು ಪ್ರಯಾಣಿಕರ ದೋಣಿ. 1917ರ ಹಳೇ ಕಾಯ್ದೆಯ ಜಾಗದಲ್ಲಿ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ, ನೋಂದಣಿಯೂ ಬೇಕು, ಸರ್ವೆಯೂ ಬೇಕು. ಇಂಜಿನ್ ವಿವರ ಕಾಗದದಲ್ಲಿರುತ್ತದೆ, ಆದ್ದರಿಂದ ಬದಲಾಯಿಸುವ ಮೊದಲೇ ಬಂದರು ಇಲಾಖೆಯ ಕಚೇರಿಯಲ್ಲಿ ಕೇಳಿ. ಲೈಫ್ ಜಾಕೆಟ್ ಎಷ್ಟು ಜನವೋ ಅಷ್ಟು, ಸೀಟಿನ ಕೆಳಗೆ ಅಲ್ಲ, ಮೈಮೇಲೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು.

ಪ್ರಶ್ನೆ: ಗಂಗೊಳ್ಳಿಯಿಂದ. ನಾಡದೋಣಿಗೆ 9.9 ಎಚ್‌ಪಿ ಸೀಮೆಎಣ್ಣೆ ಇಂಜಿನ್ ಇದೆ. ಸೀಮೆಎಣ್ಣೆ ಸಿಗುವುದೇ ಕಷ್ಟ ಆಗಿದೆ. ಅದೇ ಇಂಜಿನ್ ಪೆಟ್ರೋಲಿನಲ್ಲಿ ಓಡಿಸಬಹುದಾ? ಹೇಗೂ ಖರ್ಚು ಮಾಡುವುದಾದರೆ 15 ಎಚ್‌ಪಿ ಪೆಟ್ರೋಲ್ ಇಂಜಿನ್ ತಗೊಳ್ಳಲಾ?

ಅಣ್ಣಾ, ನೀವು ದಿನಾ ಬೆಳಿಗ್ಗೆ ಪೆಟ್ರೋಲಿನಲ್ಲೇ ಅದನ್ನು ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೀರಿ ಅಲ್ವಾ? ಅಂದ ಮೇಲೆ ಓಡುತ್ತದೆ. ಸೀಮೆಎಣ್ಣೆ ಇಂಜಿನ್‌ನ ಕಂಪ್ರೆಷನ್ ಕಡಿಮೆ ಇರುತ್ತದೆ, ಇಲ್ಲದಿದ್ದರೆ ಸೀಮೆಎಣ್ಣೆ ಕಟಕಟ ಬಡಿದು ಪಿಸ್ಟನ್ ತಿಂದುಬಿಡುತ್ತಿತ್ತು. ಹಾಗಾಗಿ ಅದಕ್ಕೆ ಪೆಟ್ರೋಲ್ ಹಾಕಿದರೆ ಏಟಿಲ್ಲ, ಉಲ್ಟಾ ಮಾಡಿದರೆ ಏಟು. ಆದರೆ ಇಡೀ ದಿನ ಪೆಟ್ರೋಲಿನಲ್ಲೇ ಓಡಿಸುವುದಾದರೆ ಕಾರ್ಬುರೇಟರಿನ ಜೆಟ್ ಬದಲಾಯಿಸಿ ಹೊಂದಿಸಬೇಕು, ಅದಕ್ಕೆ ನಿಮ್ಮ ಇಂಜಿನ್ ಮಾಡೆಲ್ ಗೊತ್ತಿರುವ ಮೆಕ್ಯಾನಿಕ್ಕೇ ಬೇಕು. ಆಯಿಲ್ ಎಷ್ಟು ಬೆರೆಸಬೇಕು ಅನ್ನುವುದನ್ನು ಇಂಜಿನ್ ಪುಸ್ತಕದಲ್ಲಿದ್ದಂತೆ ಮಾಡಿ, ಉಳಿಸಲು ಹೋಗಬೇಡಿ. ಹೊಸ ಪೆಟ್ರೋಲ್ ಇಂಜಿನ್‌ನಷ್ಟು ಮೈಲೇಜ್ ಇದರಿಂದ ಬರುವುದಿಲ್ಲ, ಕಂಪ್ರೆಷನ್ ಕಡಿಮೆ ಇರುವುದರಿಂದಲೇ.

ಇದಕ್ಕಿಂತ ದೊಡ್ಡ ಬದಲಾವಣೆ ನಿಮ್ಮ ಅಭ್ಯಾಸದಲ್ಲಿ ಆಗಬೇಕು. ಸೀಮೆಎಣ್ಣೆ ಚೆಲ್ಲಿದರೆ ನಮ್ಮ ಜನ ಒರೆಸಿ ಬೀಡಿ ಹಚ್ಚುತ್ತಾರೆ, ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಯಾಕೆಂದರೆ ಅದರಿಂದ ಬೆಂಕಿ ಹಿಡಿಯುವಷ್ಟು ಆವಿ ಏಳಲು ಸುಮಾರು 38 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ. ಟ್ಯಾಂಕನ್ನು ದಡಕ್ಕೆ ತಂದು ತುಂಬಿಸಿ, ದೋಣಿಯೊಳಗೆ ಬೇಡ. ಒಲೆ, ಬೀಡಿ ಎರಡೂ ಟ್ಯಾಂಕಿನಿಂದ ದೂರ.

15 ಎಚ್‌ಪಿ? ರಜೆಯ ಎರಡು ತಿಂಗಳು ಸಮುದ್ರಕ್ಕೆ ಇಳಿಯಲು ಬಿಡುವುದು 10 ಎಚ್‌ಪಿವರೆಗಿನ ನಾಡದೋಣಿಗಳನ್ನು ಮಾತ್ರ. 9.9 ಅನ್ನುವ ವಿಚಿತ್ರ ಸಂಖ್ಯೆ ನಮ್ಮ ಕಡೆ ಇಷ್ಟು ಪ್ರೀತಿಯದಾಗಿರುವುದು ಸುಮ್ನೆ ಅಲ್ಲ. ಐದು ಎಚ್‌ಪಿ ಆಸೆಗೆ ಮಳೆಗಾಲದ ದುಡಿಮೆ ಕಳೆದುಕೊಳ್ಳಬೇಡಿ. ಇಂಜಿನ್ ಬದಲಿಗೆ ಸಹಾಯಧನ ಇದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ದುಡ್ಡು ಬಿಚ್ಚಿ.

ಪ್ರಶ್ನೆ: ಮಂಗಳೂರಿನವನು. ಗುರುಪುರ ನದಿಯಲ್ಲಿ ಹಳೆಯ ಔಟ್‌ಬೋರ್ಡ್ ದೋಣಿ ಇಟ್ಟಿದ್ದೇನೆ. ನಾಲ್ಕು ತಿಂಗಳು ನಿಲ್ಲಿಸಿದ್ದೆ, ಈಗ ಸ್ಟಾರ್ಟೇ ಆಗುತ್ತಿಲ್ಲ. ಮೊದಲು ವರ್ಷಗಟ್ಟಲೆ ನಿಲ್ಲಿಸಿದರೂ ಎರಡು ಎಳೆತಕ್ಕೆ ಎದ್ದೇಳುತ್ತಿತ್ತು.

ಇಂಜಿನ್ ಬದಲಾಗಿಲ್ಲ, ಪೆಟ್ರೋಲ್ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯಿತು, ಈಗ ಬಹುತೇಕ ಎಲ್ಲ ಬಂಕ್‌ಗಳಲ್ಲೂ ಅದೇ. ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಎಥನಾಲ್ ಗಾಳಿಯ ತೇವ ಎಳೆಯುತ್ತದೆ, ಹೊಳೆಯ ಮೇಲೆ ತೇವಕ್ಕೆ ಬರವಿಲ್ಲ. ನೀರು ಒಂದು ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್‌ಗೆ ಹೋಗುವ ಪೈಪ್ ಹೀರುವುದೂ ತಳದಿಂದಲೇ.

ಹಳೇ ಪೆಟ್ರೋಲ್ ಪೂರ್ತಿ ತೆಗೆಯಿರಿ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಾಕಿ ಬೆಳಕಿಗೆ ಹಿಡಿದರೆ ಎರಡು ಪದರ ಕಂಡೀತು. ಕಾರ್ಬುರೇಟರ್ ಬಿಚ್ಚಿ ತೊಳೆಸಿ. ಹಳೇ ರಬ್ಬರ್ ಪೈಪ್, ಕೈಪಂಪಿನ ಬಲ್ಬ್ ಮುಟ್ಟಿದರೆ ಮೆತ್ತಗೆ ಅಂಟಂಟಾಗಿದ್ದರೆ ಎಥನಾಲ್ ತಡೆಯುವಂಥದ್ದು ಹಾಕಿ. ಟ್ಯಾಂಕಿಗೂ ಇಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಕೂರಿಸಿ, ಹಳೆಯ ದೋಣಿಗೆ ಮಾಡುವ ಮೇಲ್ದರ್ಜೆಯ ಕೆಲಸಗಳಲ್ಲಿ ನಾನು ಎರಡು ಮಾತಿಲ್ಲದೆ ಹೇಳುವುದು ಇದೊಂದನ್ನೇ. ಮುಂದೆ ನಿಲ್ಲಿಸುವಾಗ ಸಿಹಿನೀರಿನಲ್ಲಿ ಇಂಜಿನ್ ಓಡಿಸಿ ಉಪ್ಪು ತೊಳೆದು, ಪೆಟ್ರೋಲ್ ಪೈಪ್ ಕಳಚಿ, ತಾನಾಗಿ ಆರುವವರೆಗೆ ಓಡಿಸಿ. ಕಾರ್ಬುರೇಟರ್ ಬಹುಪಾಲು ಖಾಲಿಯಾಗುತ್ತದೆ, ಉಳಿದ ತೊಟ್ಟನ್ನು ತಳದ ಸ್ಕ್ರೂ ಬಿಚ್ಚಿ ಬಸಿದುಬಿಡಿ.

ಪ್ರಶ್ನೆ: ಅಮೆರಿಕದ ಮಿಷಿಗನ್‌ನಿಂದ. ಪಕ್ಕದ ಮನೆಯವರು 1990ರ ದಶಕದ 19 ಅಡಿ ದೋಣಿಯನ್ನು ಬಹುತೇಕ ಪುಕ್ಕಟೆ ಕೊಡುತ್ತಿದ್ದಾರೆ. ಒಳಗೇ ಇಂಜಿನ್ ಇರುವ ಸ್ಟರ್ನ್‌ಡ್ರೈವ್. ನೆಲ ಅಲ್ಲಲ್ಲಿ ಮೆತ್ತಗಿದೆ. ತಗೊಳ್ಳಲಾ? ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕೂತು ಸರಿಮಾಡುವ ಆಸೆ.

ಪುಕ್ಕಟೆ ದೋಣಿಯಷ್ಟು ದುಬಾರಿ ದೋಣಿ ಇನ್ನೊಂದಿಲ್ಲ. ನೆಲ ಮೆತ್ತಗಿದ್ದರೆ ನೆಲ ಒಂದೇ ಅಲ್ಲ, ಕೆಳಗಿರುವ ಉದ್ದದ ಮರದ ತೊಲೆಗಳೂ ಹೋಗಿರುತ್ತವೆ, ಇಂಜಿನ್ ಕೂತಿರುವುದು ಅವುಗಳ ಮೇಲೆಯೇ. ಜೊತೆಗೆ ತೇಲಲಿ ಅಂತ ತುಂಬಿದ ಫೋಮ್ ನೀರು ಕುಡಿದು ಮಣಗಟ್ಟಲೆ ಭಾರ ಆಗಿರುತ್ತದೆ. ಇಂಜಿನ್ ಇಳಿಸಿ, ನೆಲ ಕಿತ್ತು, ಎಲ್ಲವನ್ನೂ ಹೊಸದಾಗಿ ಹಾಕಬೇಕು. ಆ ಕೆಲಸವೇ ನಿಮಗೆ ಖುಷಿ ಅಂತಾದರೆ ತಗೊಳ್ಳಿ, ದೋಣಿ ಓಡಿಸುವುದು ಖುಷಿ ಅಂತಾದರೆ ಬೇಡ.

ತಗೊಂಡರೆ ಮೊದಲು ಕೇಳಬೇಕಾದದ್ದು: ಪ್ರತಿ ಚಳಿಗಾಲಕ್ಕೆ ಮೊದಲು ಇಂಜಿನ್‌ನ ನೀರು ಬಸಿದಿದ್ದರಾ? ಒಂದೇ ಒಂದು ವರ್ಷ ಮರೆತಿದ್ದರೂ ನೀರು ಹೆಪ್ಪುಗಟ್ಟಿ ಇಂಜಿನ್ ಬ್ಲಾಕ್ ಬಿರಿದಿರುತ್ತದೆ. ಸ್ಟಾರ್ಟರ್, ಆಲ್ಟರ್ನೇಟರ್ ನೋಡಲು ಕಾರಿನದರಂತೆಯೇ ಇರುತ್ತವೆ, ಬೆಲೆ ನೋಡಿ ಕಾರಿನದನ್ನೇ ಹಾಕುವ ಮನಸ್ಸಾಗುತ್ತದೆ. ಹಾಕಬೇಡಿ. ದೋಣಿಯದು ಕಿಡಿ ಹೊರಗೆ ಬಾರದಂತೆ ಮುಚ್ಚಿರುತ್ತದೆ, ಮುಚ್ಚಿದ ಇಂಜಿನ್ ಕೋಣೆಯಲ್ಲಿ ಪೆಟ್ರೋಲ್ ಆವಿ ಇದ್ದಾಗ ಕಾರಿನದು ಬೆಂಕಿಕಡ್ಡಿ ಗೀರಿದ ಹಾಗೆ. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ (ಇಂಜಿನ್ ಕೋಣೆಯ ಆವಿಯನ್ನು ಹೊರಗೆ ದಬ್ಬುವ ಫ್ಯಾನ್) ಓಡಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಉಡುಪಿ ಹತ್ತಿರ ಸ್ವರ್ಣಾ ನದಿಯಲ್ಲಿ ನಮ್ಮದೊಂದು 20 ಅಡಿಯ ಹಳೇ ದೋಣಿ. ಇಂಜಿನ್ ತೆಗೆದು ಬ್ಯಾಟರಿ ಮೋಟರ್ ಹಾಕಬಹುದಾ? ಆಮೇಲೆ ಇನ್ನೊಂದು ಸಣ್ಣ ವಿಷಯ: ಮೊನ್ನೆ ಇಂಜಿನ್‌ಗೆ ಹೊಸ ಬಣ್ಣ ಹೊಡೆಸಿದೆವು, ಹುಡುಗರು ಜಿಂಕ್ ತುಂಡಿಗೂ ಸೇರಿಸಿ ಹೊಡೆದಿದ್ದಾರೆ. ಪರವಾಗಿಲ್ಲ ಅಲ್ವಾ?

ನಿಧಾನಕ್ಕೆ ಹೋಗುವುದಾದರೆ ಖಂಡಿತ ಹಾಕಬಹುದು. ಕೇರಳದ ವೈಕಂ ಹತ್ತಿರ 75 ಜನ ಕೂರುವ ಆದಿತ್ಯ ಎಂಬ ಸೌರ ದೋಣಿ 2017ರಿಂದ ಜನರನ್ನು ದಾಟಿಸುತ್ತಿದೆ. ನಿಮ್ಮ ದೋಣಿ ಹಗುರವಿದ್ದು ಗಂಟೆಗೆ 8 ಕಿ.ಮೀ. ಹೋದರೆ ಸಾಕು ಅಂದರೆ ಸುಮಾರು 2 ಕಿಲೋವಾಟ್ ಸಾಕಾಗುತ್ತದೆ. ಎರಡೂವರೆ ಗಂಟೆಗೆ 5 ಯೂನಿಟ್ ಕರೆಂಟ್. 48 ವೋಲ್ಟ್, 150 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಏಳು ಯೂನಿಟ್ ಚಿಲ್ಲರೆ ಇರುತ್ತದೆ, ಉಳಿದದ್ದು ಇಳಿತದ ಸೆಳೆತಕ್ಕೆ ಎದುರಾಗಿ ವಾಪಸ್ ಬರಲು ಬೇಕೇ ಬೇಕು. ಅದೇ ದೋಣಿಯನ್ನು 25 ಎಚ್‌ಪಿ ವೇಗದಲ್ಲಿ ಓಡಿಸಬೇಕು ಅಂದರೆ 18 ಕಿಲೋವಾಟ್‌ಗಿಂತ ಜಾಸ್ತಿ, ಆ ಬ್ಯಾಟರಿ ಅರ್ಧ ಗಂಟೆಯೂ ಬರುವುದಿಲ್ಲ. ವೈರ್ ಹಾಕುವಾಗ ತವರ ಲೇಪಿಸಿದ ತಾಮ್ರದ್ದೇ ಹಾಕಿಸಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಜಿಂಕ್ ವಿಷಯ ಸಣ್ಣದಲ್ಲ. ಉಪ್ಪು ನೀರು ಇಂಜಿನ್‌ನ ಅಲ್ಯೂಮಿನಿಯಂ ತಿನ್ನುವ ಬದಲು ಜಿಂಕ್ ತಿನ್ನಲಿ ಅಂತಲೇ ಆ ತುಂಡು ಇಟ್ಟಿರುವುದು. ಬಣ್ಣ ಹೊಡೆದರೆ ಊಟದ ತಟ್ಟೆ ಮುಚ್ಚಿಟ್ಟ ಹಾಗೆ, ನೀರು ಇಂಜಿನ್ ತಿನ್ನಲು ಶುರು ಮಾಡುತ್ತದೆ. ಈ ಪುಟ ಓದಿ ಮುಗಿದ ಕೂಡಲೇ ಒಂದು ಉಪ್ಪುಕಾಗದ ತಗೊಂಡು ದೋಣಿ ಹತ್ತಿರ ಹೋಗಿ.